ಎಸ್ತೆರಕ್ಕನ ಹೂ

ಆಗಸ್ಟ್ 12, 2024, ಸೋಮವಾರ

ದಿನಕ್ಕೆ ನಾಲ್ಕು ಸಾಲು ಬರೆಯಬೇಕೆಂದು ಅಪ್ಪಣೆಯಾಗಿದೆ. ಬಲಗೈ ಮಣಿಕಟ್ಟಿನ ಮೂಳೆ ಕೂಡಿದೆಯಂತೆ, ಬೆರಳುಗಳು ಮಾತ್ರ ಸೋಮಾರಿಯಾಗಿವೆಯಂತೆ. ಫಿಸಿಯೋಥೆರಪಿಯ ಹುಡುಗಿ ಸಂಚಿತಾ ಹೇಳಿದ್ದು. ನಾಲ್ಕು ಸಾಲು ಆಯಿತು. ನೋವು.

ಆಗಸ್ಟ್ 14, ಬುಧವಾರ

ರಬ್ಬರ್ ಚೆಂಡು ಇಪ್ಪತ್ತು ಸಲ ಹಿಸುಕಿದೆ. ನೀರು ತುಂಬಿದ ಚೆಂಬು ಎತ್ತಲು ಹೋಗಿ ಅಡುಗೆಮನೆ ತೊಳೆದ ಹಾಗಾಯಿತು. ಕ್ರಿಸ್‌ಮಸ್‌ಗೆ ಮುಂಚೆ ಕೊಡಪಾನ ಎತ್ತಿಸುತ್ತೇನೆಂದು ಸಂಚಿತಾಳ ಪಣ. ಅವಳಿಗೆ ಚಿಕ್ಕ ಪ್ರಾಯ, ಏನು ಬೇಕಾದರೂ ಹೇಳಬಹುದು.

ಆಗಸ್ಟ್ 18, ಆದಿತ್ಯವಾರ

ಎರಡು ತಿಂಗಳ ಮೇಲೆ ಚರ್ಚಿನ ಆರಾಧನೆಗೆ ಹೋದೆ. ಕಡೆಯ ಬೆಂಚಿನಲ್ಲಿ ಕುಳಿತೆ. ಆಲ್ಟರಿನ ಮೇಲೆ ಡೆಕೊರೇಟರನ ಹೂ, ಸುತ್ತ ಹೊಳೆಯುವ ರಿಬ್ಬನ್. ಮದುವೆ ಕಾರು ಒಳಗೆ ಬಂದು ನಿಂತಂತಿತ್ತು.

ಇಪ್ಪತ್ತೇಳು ವರ್ಷ ಆ ಹೂವಿನ ಕೆಲಸ ನನ್ನದು. ಶನಿವಾರ ಸಂಜೆ ಹಿತ್ತಾಳೆಯ ಹೂದಾನಿಗೆ ನೀರು ತುಂಬಿ ಮೂರು ಮೆಟ್ಟಿಲು ಹತ್ತಿ ಇಟ್ಟು ಬರುವುದು. ಜೂನ್‌ನಲ್ಲಿ ಒಂದು ಶನಿವಾರ ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಹೂದಾನಿಗೆ ಏನೂ ಆಗಲಿಲ್ಲ, ಕೈ ಮುರಿಯಿತು. ನಾನು ಆಸ್ಪತ್ರೆಯಲ್ಲಿರುವಾಗಲೇ ಸಭೆಯ ಕಾರ್ಯದರ್ಶಿ ರೂಬನ್ ಕೆಲಸವನ್ನು ಬೇರೆಯವರಿಗೆ ಕೊಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ. ಸಂಡೇಸ್ಕೂಲಿನಲ್ಲಿ ನಾನೇ ಅಕ್ಷರ ತಿದ್ದಿಸಿದ ಹುಡುಗ ಅವನು. ನನ್ನ ಜೀವದ ಗೆಳತಿ ಸಲೋಮಿಯ ಮಗ.

ಸಲೋಮಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ಕೈ ನೋಯುತ್ತಿದೆ, ಸಾಕು.

ಆಗಸ್ಟ್ 24, ಶನಿವಾರ

ಹೂ ಅರಳಿದೆ! ಮೂರು ದಿನ ಮಳೆ ಬಿಟ್ಟದ್ದೇ ನೆಪ, ಹಿತ್ತಲಿನ ಗೋಡೆಯುದ್ದಕ್ಕೂ ಆಳೆತ್ತರದ ಹಳದಿ. ಒಂದೊಂದು ಹೂ ಸಾಸಿವೆಯಷ್ಟೇ. ಆದರೆ ಸಾವಿರ ಸೇರಿ ಬಾಗಿ ನಿಂತಾಗ ಬೋಳಾರದ ಈ ಹಳೆಯ ಮನೆಗೂ ಒಂದು ಗತ್ತು ಬರುತ್ತದೆ.

ಎಂಟು ವರ್ಷದ ಹಿಂದೆ ಮಹಿಳಾ ಸಂಘದವರು ಜರ್ಮನಿಗೆ ಹೋದಾಗ ರೈಲು ಹಳಿಯ ಎರಡೂ ಬದಿಯಲ್ಲಿ ಈ ಹೂ ಕಂಡಿದ್ದೆ. ಒಂದು ಒಣಗಿದ ತೆನೆ ಕಿತ್ತು ಗೀತಪುಸ್ತಕದೊಳಗೆ ಇಟ್ಟು ತಂದೆ. ವಿಮಾನ ನಿಲ್ದಾಣದಲ್ಲಿ ಗೀತಪುಸ್ತಕ ಬಿಡಿಸಿ ನೋಡುವವರು ಯಾರು? ತಂದ ಬಗೆಯನ್ನು ಸಲೋಮಿಗೆ ಮಾತ್ರ ಹೇಳಿದ್ದೆ. ಎರಡು ವರ್ಷ ಏನೂ ಬರಲಿಲ್ಲ, ಮೂರನೆಯ ವರ್ಷ ಒಂದು ಗಿಡ ಎದ್ದಿತು. ಆಮೇಲೆ ತಿರುಗಿ ನೋಡಿದ್ದಿಲ್ಲ, ನಾನೂ ಗಿಡವೂ. ಕಳೆದ ವರ್ಷದ ಬೆಳೆಹಬ್ಬಕ್ಕೆ ಎಲ್ಲರೂ ಬಾಳೆಗೊನೆ, ಕುಂಬಳಕಾಯಿ, ಕೋಳಿ ತಂದು ಏಲಂಗೆ ಕೊಟ್ಟರೆ ನಾನು ಹನ್ನೊಂದು ಕುಂಡ ಕೊಟ್ಟೆ. "ಜರ್ಮನ್ ಹೂ ಮಾರಾಯ್ರೆ, ಪಾಪದ ಗಿಡ, ಸಾಧು, ಎಲ್ಲಿ ನೆಟ್ಟರೂ ಬರ್ತದೆ" ಎಂದು ನಾನೇ ಎದ್ದು ನಿಂತು ಹೇಳಿದ್ದು. ಬಾಳೆಗೊನೆಯನ್ನೂ ಮೀರಿಸಿ ಏಲಂ ಹೋಯಿತು. ಅಂದಿನಿಂದ ಸಭೆಯಲ್ಲಿ ಅದರ ಹೆಸರು ಎಸ್ತೆರಕ್ಕನ ಹೂ. ಅರುವತ್ತೇಳು ವರ್ಷಕ್ಕೆ ನನ್ನ ಹೆಸರು ಬಿದ್ದದ್ದು ಅದೊಂದಕ್ಕೇ. ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ತಿದ್ದಿದೆ, ಯಾವ ಪುಸ್ತಕದಲ್ಲೂ ನನ್ನ ಹೆಸರಿಲ್ಲ.

ಮಾಳಿಗೆಯಲ್ಲಿ ಬಾಡಿಗೆಗಿರುವ ಫಿಯೋನಾ ಊರಿಗೆ ಹೋಗಿದ್ದಾಳೆ. ಎಡಗೈಯಲ್ಲಿ ನಾನೇ ಫೋಟೋ ತೆಗೆದು ಜರ್ಮನಿಯ ಗೆಳತಿಗೆ ಕಳಿಸಿದೆ. ಅಲ್ಲಿ ಇಳಿದುಕೊಂಡದ್ದು ಅವಳ ಮನೆಯಲ್ಲಿ. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು. ಎಂಟು ವರ್ಷದಿಂದ ನಾವು ಬರೀ ಫೋಟೋದಲ್ಲೇ ಮಾತಾಡುವುದು.

ಆಗಸ್ಟ್ 27, ಮಂಗಳವಾರ

ಜರ್ಮನಿಯಿಂದ ಫೋಟೋ ಬಂತು. ಹೊಳೆಯ ಬದಿ, ದೂರದಲ್ಲಿ ಅವರ ದೇವಾಲಯದ ಗೋಪುರ. ಗಂಬೂಟು ಹಾಕಿದ ಹುಡುಗ ಹುಡುಗಿಯರು, ಮುಂದೆ ನಮ್ಮ ಹೂವಿನದೇ ರಾಶಿ, ಟ್ರ್ಯಾಕ್ಟರ್ ತುಂಬ. ಕಂಡ ಕೂಡಲೇ ಗೊತ್ತಾಯಿತು, ಅವರ ಬೆಳೆಹಬ್ಬ. ಆಲ್ಟರಿಗೆ ಇಷ್ಟು ಹೂ ಒಯ್ಯುವುದಾದರೆ ಎಂಥ ಹಬ್ಬ ಇರಬೇಡ! ಬೇರುಸಮೇತ ಕಿತ್ತದ್ದು ಯಾಕೋ ತಿಳಿಯಲಿಲ್ಲ. ಅವರ ಕ್ರಮ ಹಾಗಿರಬೇಕು. ಗೆಳತಿ ಮುಖ ಸ್ವಲ್ಪ ಗಂಭೀರ ಮಾಡಿಕೊಂಡಿದ್ದಾಳೆ. ಬಿಸಿಲಿಗಿರಬಹುದು.

ಸೆಪ್ಟೆಂಬರ್ 1, ಆದಿತ್ಯವಾರ

ಫೋಟೋವನ್ನು ಸಭೆಯಲ್ಲಿ ಎಲ್ಲರಿಗೂ ತೋರಿಸಿದೆ. ಪಾಸ್ಟರ್ ಅಯ್ಯನವರಿಗೂ ತೋರಿಸಿದೆ. "ನೋಡಿ, ಅವರಲ್ಲಿ ಟ್ರ್ಯಾಕ್ಟರಿನಲ್ಲಿ ತರುತ್ತಾರೆ, ನಮ್ಮಲ್ಲಿ ರಿಬ್ಬನ್ ಕಟ್ಟುತ್ತಾರೆ" ಎಂದು ರೂಬನ್‌ಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅವನು ಕುರ್ಚಿ ಮಡಚತೊಡಗಿದ. ಮಧ್ಯಾಹ್ನದ ಊಟ ರುಚಿಯಾಗಿತ್ತು.

ಸೆಪ್ಟೆಂಬರ್ 2, ಸೋಮವಾರ

ಫಿಯೋನಾ ಬಂದಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಜುಲೈಯಲ್ಲಿ ಮನೆ ಸೇರಿದಾಗ ಗಿಡದಲ್ಲಿ ಹೂ ಇರಲಿಲ್ಲ, ಬರೀ ಹುಲ್ಲುಪೊದೆ ಎಂದುಕೊಂಡಿದ್ದಳಂತೆ. ಇವತ್ತು ಬ್ಯಾಗು ಕೆಳಗಿಡದೆ ಹಿತ್ತಲಿಗೆ ಹೋಗಿ ನಿಂತಳು. ಮೆಚ್ಚಿದಳೆಂದುಕೊಂಡು ನಾನು ಫೋಟೋವನ್ನೂ ತೋರಿಸಿದೆ. ಅವಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದಳು.

"ಆಂಟಿ, ಇದು ಹಬ್ಬ ಅಲ್ಲ. ಅವರು ಕಿತ್ತು ನಾಶ ಮಾಡ್ತಾ ಇದ್ದಾರೆ."

ಆಮೇಲೆ ನಿಧಾನವಾಗಿ ಹೇಳಿದಳು. ಈ ಗಿಡ ಜರ್ಮನಿಯದ್ದೇ ಅಲ್ಲವಂತೆ. ಉತ್ತರ ಅಮೆರಿಕದ ಹುಲ್ಲುಗಾವಲಿನದ್ದು. ಚಂದ ಉಂಟೆಂದು ಯಾರೋ ನನ್ನಂಥವರೇ ಯುರೋಪಿನ ತೋಟಗಳಿಗೆ ಒಯ್ದರು. ಅದು ಬೇಲಿ ಹಾರಿ ರೈಲು ಹಳಿ, ಹೊಳೆ ದಂಡೆ, ಪಾಳುಗದ್ದೆ ಹಿಡಿಯಿತು. ಈಗ ಚೀನಾದಲ್ಲೂ ಹೀಗೆಯೇ. ತವರಿನಲ್ಲಿ ಅದನ್ನು ತಿನ್ನುವ ಹುಳ ಉಂಟು, ಸುತ್ತಲಿನ ಗಿಡಗಳಿಗೆ ಅದರ ಗುಣ ಗೊತ್ತುಂಟು, ಹಾಗಾಗಿ ಮರ್ಯಾದೆಯಲ್ಲಿರುತ್ತದೆ. ಪರವೂರಿನಲ್ಲಿ ಹೇಳುವವರು ಕೇಳುವವರು ಇಲ್ಲ. ನೆಲದಡಿಯಲ್ಲಿ ಬೇರು ಚಾಚುತ್ತದೆ, ಒಂದು ಗಿಡ ಸಾವಿರಗಟ್ಟಲೆ ಬೀಜ ಗಾಳಿಗೆ ಬಿಡುತ್ತದೆ, ಅಕ್ಕಪಕ್ಕದ ಗಿಡ ಏಳದಂತೆ ಬೇರಿನಿಂದ ಏನೋ ಒಸರುತ್ತದೆ.

ಇಲ್ಲಿ ಹಾಗೆ ಆಗಲಿಕ್ಕಿಲ್ಲ ಅಲ್ಲವಾ ಎಂದು ಕೇಳಿದೆ. ಈ ಸೆಕೆಗೆ, ಈ ಮಳೆಗೆ?

"ಗೊತ್ತಿಲ್ಲ ಆಂಟಿ. ಆಗದೆಯೂ ಇರಬಹುದು. ಆದರೆ ಅಲ್ಲಿಯೂ ಮೊದಲ ನೂರು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ."

ನೇತ್ರಾವತಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಹೊಳೆಯ ನಡುನಡುವೆ ಎಷ್ಟು ಕುದ್ರುಗಳು, ಸಣ್ಣ ಸಣ್ಣ ದ್ವೀಪಗಳು, ಎಷ್ಟು ದಂಡೆ. ನನಗೆ ಅಳುವೇ ಬಂತು. ನಿನ್ನೆ ಅಯ್ಯನವರಿಗೂ ಫೋಟೋ ತೋರಿಸಿದೆನಲ್ಲ! ಗೆಳತಿ ಮುಖ ಗಂಭೀರ ಮಾಡಿದ್ದು ಬಿಸಿಲಿಗಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಹಿತ್ತಲ ಬಾಗಿಲು ತೆರೆಯಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಪ್ರೆಸ್ಸಿನಲ್ಲಿ ತಪ್ಪು ಎರಡು ಬಗೆ. ಪ್ರೂಫಿನಲ್ಲಿ ಸಿಕ್ಕ ತಪ್ಪು ಮತ್ತು ಅಚ್ಚಾಗಿ ಹೊರಗೆ ಹೋದ ತಪ್ಪು. ಎರಡನೆಯದ್ದಕ್ಕೆ ಪುಸ್ತಕದ ಕೊನೆಯಲ್ಲಿ ತಪ್ಪು-ಒಪ್ಪು ಪಟ್ಟಿ ಹಾಕುವುದೊಂದೇ ದಾರಿ. ನನ್ನ ತಪ್ಪು ಹನ್ನೊಂದು ಪ್ರತಿ ಹೊರಗೆ ಹೋಗಿದೆ. ಬೀಜ ಹಾರುವುದು ಹೂ ಒಣಗಿದ ಮೇಲೆ, ಅಕ್ಟೋಬರ್ ಕಡೆಗೆ ಎಂದು ಫಿಯೋನಾ ಹೇಳಿದಳು. ಅದರೊಳಗೆ ಹನ್ನೊಂದನ್ನೂ ತಿದ್ದಬೇಕು.

ಮೊದಲು ಸ್ವಂತ ಪ್ರತಿ. ಬೆಳಿಗ್ಗೆ ಗುದ್ದಲಿ ಹಿಡಿದು ಕುಳಿತೆ. ಎಡಗೈಯಲ್ಲಿ ಅಗೆಯುವುದು, ಬಲಗೈಯಲ್ಲಿ ಬೇರು ಹಿಡಿದೆಳೆಯುವುದು. ಒಂದು ಬೇರನ್ನು ಹಿಂಬಾಲಿಸಿ ಹೋದರೆ ಗೋಡೆಯಡಿಯಿಂದ ಆಚೆಮನೆಯ ಅಂಗಳಕ್ಕೆ ದಾಟಿತ್ತು. ಅವರು ಅದಕ್ಕೆ ದಿನಾ ನೀರು ಹೊಯ್ಯುತ್ತಿದ್ದರಂತೆ, ಎಸ್ತೆರಕ್ಕ ಕೊಟ್ಟದ್ದೆಂದು. ನಾನು ಕೊಡಲೇ ಇಲ್ಲ, ತಾನಾಗಿ ಹೋದದ್ದು. ಕಿತ್ತದ್ದನ್ನು ಸಿಮೆಂಟಿನ ಮೇಲೆ ಒಣಗಿಸಿ ಬಚ್ಚಲ ಒಲೆಗೆ ಹಾಕಬೇಕೆಂದು ಫಿಯೋನಾಳ ಆಜ್ಞೆ. ಕೊನೆಯ ಗೊಂಚಲನ್ನು ಸಂಜೆಯವರೆಗೆ ಕೀಳದೆ ಬಿಟ್ಟೆ. ಎಷ್ಟು ಜೇನುನೊಣ ಅದರ ಮೇಲೆ, ಅವಕ್ಕೇನು ಗೊತ್ತು ಪಾಪ.

ಸೆಪ್ಟೆಂಬರ್ 8, ಆದಿತ್ಯವಾರ

ಕುಂಡಗಳು ಯಾರು ಯಾರಿಗೆ ಹೋದವೆಂದು ನನಗೆ ಪೂರ್ತಿ ನೆನಪಿಲ್ಲ. ಪಟ್ಟಿ ಇರುವುದು ಏಲಂ ಕೂಗುವ ರೂಬನ್ ಬಳಿ. ಎರಡೂವರೆ ತಿಂಗಳಿಂದ ಅವನೊಡನೆ ನೇರ ಮಾತಿಲ್ಲ. ಆರಾಧನೆ ಮುಗಿದು ಎಲ್ಲರೂ ಹೋಗುವವರೆಗೆ ಕಾದೆ. ಆಮೇಲೆ ನಡೆದದ್ದೆಲ್ಲ ಮೂರೇ ವಾಕ್ಯದಲ್ಲಿ ಹೇಳಿದೆ. ನಗುತ್ತಾನೆ, ಟ್ರ್ಯಾಕ್ಟರಿನ ಮಾತು ಎತ್ತುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಪುಸ್ತಕ ತೆಗೆದು ಅಲ್ಲೇ ಕುಳಿತು ಹೆಸರು, ವಿಳಾಸ ಬರೆದುಕೊಟ್ಟ. ಅಕ್ಷರ ನಾನು ಕಲಿಸಿದಷ್ಟೇ ದುಂಡಗಿದೆ.

ಹನ್ನೊಂದನೆಯ ಹೆಸರು ಅವನದ್ದೇ.

"ಅದೊಂದು ನಾನೇ ನೋಡಿಕೊಳ್ತೇನೆ ಆಂಟಿ. ನೀವು ಅದಕ್ಕೆ ಬರುದು ಬೇಡ," ಎಂದ. ಮುಖ ತಿರುಗಿಸಿಕೊಂಡು ಹೇಳಿದ. ನೀರು ಹಾಕದೆ ಒಣಗಿಸಿ ಎಸೆದಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ.

ಇವತ್ತು ಕೆಥೊಲಿಕರ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಫಿಯೋನಾ ಹೊಸ ಅಕ್ಕಿಯ ಊಟಕ್ಕೆ ಮೇಲೆ ಕರೆದಳು. ಬೀದಿಯಲ್ಲೆಲ್ಲ ಅವರ ಮಕ್ಕಳು ಬುಟ್ಟಿ ತುಂಬ ಹೂ ಹಿಡಿದು ಹೋಗುತ್ತಿದ್ದರು. ಒಂದೊಂದು ಬುಟ್ಟಿಯನ್ನೂ ಇಣುಕಿ ನೋಡಿದೆ, ನನ್ನದೇನಾದರೂ ಉಂಟಾ ಎಂದು. ಇರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡೆ.

ಸೆಪ್ಟೆಂಬರ್ 14, ಶನಿವಾರ

ಇವತ್ತು ಮೊದಲ ಮೂರು ಮನೆ. ಕಮರುದ್ದೀನನ ರಿಕ್ಷಾ ಗೊತ್ತು ಮಾಡಿಕೊಂಡೆ. ಕೈ ಮುರಿದ ದಿನ ನನ್ನನ್ನು ಆಸ್ಪತ್ರೆಗೆ ಒಯ್ದವನೇ ಅವನು. ಹಿಂದಿನ ಸೀಟಿನಲ್ಲಿ ಗುದ್ದಲಿ, ಗೋಣಿಚೀಲ, ನಾನು. "ಅಕ್ಕ, ನಾವು ಹೋಗುದು ನೋಡಿದ್ರೆ ನಿಧಿ ತೆಗೀಲಿಕ್ಕೆ ಹೊರಟ ಹಾಗೆ ಉಂಟು," ಎಂದ.

ಕೊಟ್ಟಾರದ ಮನೆಯಲ್ಲಿ ಗಿಡ ಕುಂಡ ಬಿಟ್ಟು ಹೆದ್ದಾರಿಯ ಚರಂಡಿಯ ಅಂಚಿಗೆ ಇಳಿದಿತ್ತು. ಅಗೆದು ಮುಗಿಸುವಾಗ ಹನ್ನೆರಡು ಗಂಟೆ. ನನ್ನ ತಪ್ಪು, ಕ್ಷಮಿಸಿ ಎಂದು ಪ್ರತಿ ಮನೆಯಲ್ಲೂ ಹೇಳಬೇಕೆಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಮೊದಲ ಮನೆಯಲ್ಲಿ ನಾಲಿಗೆ ಹೊರಳಲಿಲ್ಲ. ಮೂರನೆಯ ಮನೆಗಾಗುವಾಗ ಸರಾಗವಾಯಿತು. ಜನ ಬೈಯುವುದಿಲ್ಲ, ಚಾ ಕೊಡುತ್ತಾರೆ. ಮೂರು ಚಾ, ಎರಡು ಪೋಡಿ, ಒಂದು ತಟ್ಟೆ ಅವಲಕ್ಕಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಸುಳ್ಳಲ್ಲ.

ಒಂದು ವಿಚಿತ್ರ. ಗಿಡ ಕಿತ್ತ ಮೇಲೆ ಕುಂಡವನ್ನೂ ಹಿಂದೆ ಕೊಡಿ ಎಂದರೆ ಮೂರು ಮನೆಯಲ್ಲೂ ಒಂದೇ ಗಡಿಬಿಡಿ. ಕೊಟ್ಟವರ ಪಾತ್ರೆ ಬರಿದಾಗಿ ಹಿಂದೆ ಹೋಗಬಾರದಲ್ಲ! ಒಬ್ಬರು ಕುಂಡದಲ್ಲಿ ಅರಿಶಿನದ ಗಡ್ಡೆ ನೆಟ್ಟರು, ಒಬ್ಬರು ಕೆಂಪು ಹೂವಿನ ಕೇಪುಳದ ಗಿಡ, ಇನ್ನೊಬ್ಬರಿಗೆ ಏನೂ ಸಿಕ್ಕದೆ ಬಸಳೆ. ಬರುವಾಗ ರಿಕ್ಷಾದಲ್ಲಿ ನನ್ನ ಕಾಲಿಡಲು ಜಾಗ ಇರಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಎಂಟು ಆಯಿತು. ನಡುವಿನ ದಿನಗಳಲ್ಲಿ ಬರೆಯಲು ಆಗಲಿಲ್ಲ, ಮನೆಗೆ ಬಂದರೆ ಸ್ನಾನ ಮಾಡಿ ಮಲಗಿದರೆ ಸಾಕೆನಿಸುತ್ತದೆ. ಬಚ್ಚಲ ಒಲೆಗೆ ಅದೇ ಹೂ. ಒಣಗಿದ ದಂಟು ಚೆನ್ನಾಗಿ ಉರಿಯುತ್ತದೆ, ನೀರು ಬೇಗ ಕಾಯುತ್ತದೆ.

ಎಷ್ಟೋ ವರ್ಷದಿಂದ ಆರಾಧನೆಯಲ್ಲಿ ಬರೀ ತಲೆಯಾಡಿಸುತ್ತಿದ್ದವರ ಮನೆಯೊಳಗೆ ಈಗ ಹೋಗಿ ಕುಳಿತೆ. ಯಾರ ಮನೆಯಲ್ಲಿ ಮಗುವಿಗೆ ಹಲ್ಲು ಬಂತು, ಯಾರು ಸಕ್ಕರೆ ಬಿಟ್ಟಿದ್ದಾರೆ, ಎಲ್ಲ ತಿಳಿಯಿತು. ಒಬ್ಬಳು ಗಿಡ ಸತ್ತೇ ಹೋಯಿತೆಂದು ನಾಚಿಕೊಂಡು ಹೇಳಿದಳು. ನಾನು ಅವಳ ಕೆನ್ನೆ ಹಿಡಿದು ಮುತ್ತು ಕೊಟ್ಟೆ, ಅವಳಿಗೆ ಏನೂ ಅರ್ಥವಾಗಲಿಲ್ಲ.

ಸಂಚಿತಾ ಫೋನ್ ಮಾಡಿದ್ದಳು, ಮೂರು ವಾರದಿಂದ ಬಂದಿಲ್ಲ ಎಂದು. ಪುರುಸೊತ್ತಿಲ್ಲ ಮಾರಾಯ್ತಿ ಎಂದೆ. ರಬ್ಬರ್ ಚೆಂಡು ಎಲ್ಲಿಟ್ಟಿದ್ದೇನೋ ಕಾಣುವುದಿಲ್ಲ.

ಅಕ್ಟೋಬರ್ 5, ಶನಿವಾರ

ಹತ್ತನೆಯದ್ದು ಕಾಟಿಪಳ್ಳದ ಪೂವಪ್ಪನ ಮನೆ. ಪ್ರೆಸ್ಸಿನಲ್ಲಿ ಮೆಷಿನ್ ನಡೆಸುತ್ತಿದ್ದವನು, ಪ್ರತಿ ವರ್ಷ ನಮ್ಮ ಬೆಳೆಹಬ್ಬದ ಏಲಂಗೆ ತಪ್ಪದೆ ಬರುವವನು. ಗೇಟು ತೆರೆದರೆ ಎದುರಿಗೇ ಹಳದಿ. ಒಂದು ಕುಂಡವನ್ನು ಅವನು ನಲವತ್ತು ಗಿಡ ಮಾಡಿದ್ದ. ಕಂಪೌಂಡಿನುದ್ದಕ್ಕೂ ಎರಡು ಸಾಲು, ಪರೇಡಿಗೆ ನಿಂತಂತೆ. ನನ್ನನ್ನು ಕಂಡು, ಯಜಮಾನಿ ಬಂದಳೆಂದು ಒಂದೊಂದನ್ನೂ ತೋರಿಸಿದ. ವಿಷಯ ಹೇಳಿದಾಗ ಅವನ ಮುಖ ಸಣ್ಣದಾಯಿತು. ಕೀಳಲು ಬಿಡುವುದಿಲ್ಲ ಎಂದ.

"ಎಸ್ತೆರಕ್ಕ, ಬಂದರು ಕಟ್ಲಿಕ್ಕೆ ಅಂತ ಪಣಂಬೂರಿಂದ ನಮ್ಮನ್ನು ಎಬ್ಬಿಸಿ ಇಲ್ಲಿ ತಂದು ಬಿಡುವಾಗ ನನಗೆ ಏಳು ವರ್ಷ. ನಾವೂ ಹೊರಗಿಂದ ಬಂದವರೇ. ಹಾಗಾದ್ರೆ ನಮ್ಮನ್ನೂ ಕೀಳ್ತೀರಾ?"

ಕಮರುದ್ದೀನ್ ಚಾ ಲೋಟ ಕೆಳಗಿಟ್ಟ. ಪೂವಪ್ಪ ಹೇಳಿದ್ದು ಸುಳ್ಳಲ್ಲವಲ್ಲ. ನಮ್ಮ ಸಭೆಯೂ ಜರ್ಮನಿಯವರು ಬಂದು ಕಟ್ಟಿದ್ದೇ. ಮೆಣಸಿನಕಾಯಿ, ಗೇರುಹಣ್ಣು, ಪಪ್ಪಾಯಿ, ಎಷ್ಟು ಬಂದವು, ಇಲ್ಲಿಯವೇ ಆದವು.

ಉತ್ತರ ಕೊಟ್ಟದ್ದು ಅವನ ಹೆಂಡತಿ ದೇಯಿ. ಬಾಗಿಲಿಗೆ ಒರಗಿ ನಿಂತಿದ್ದಳು.

"ಈ ವರ್ಷ ಮಳೆಗೆ, ಆಟಿ ತಿಂಗಳಲ್ಲಿ, ತಜಂಕ್ ಸೊಪ್ಪು ಬರ್ಲೇ ಇಲ್ಲ ಅಲ್ಲಿ. ಸೊಪ್ಪು ನಾನು ಯಾವಾಗ್ಲೂ ಆ ಗೋಡೆ ಬದಿಯಿಂದಲೇ ಕೊಯ್ಯುದು. ಈ ಸಲ ಸುರತ್ಕಲ್ ಮಾರ್ಕೆಟಿಂದ ತಂದದ್ದು, ಇವರಿಗೆ ಹೇಳ್ಲಿಲ್ಲ. ನಾವು ಬಂದದ್ದು ಹೌದು. ಆದರೆ ನಾವು ಬಂದು ತಜಂಕನ್ನು ಓಡಿಸ್ಲಿಲ್ಲ ಅಲ್ವಾ?"

ಪೂವಪ್ಪ ಎದ್ದು ಹೋಗಿ ಸಾಲಿನ ಬುಡ ನೋಡಿದ. ನಾನೂ ನೋಡಿದೆ. ಗಿಡಗಳ ಕೆಳಗೆ ಒಂದು ಹುಲ್ಲೆಸಳಿರಲಿಲ್ಲ, ಗುಡಿಸಿದ ಹಾಗಿತ್ತು. ಈ ಮಣ್ಣಿನಲ್ಲಿ ಮಳೆಗಾಲದಲ್ಲಿ!

ಹಳೆಯ ದಿನಗಳು ನೆನಪಾದವು. ಅಚ್ಚು ಶುರುವಾದ ಮೇಲೆ ತಪ್ಪು ಕಂಡರೆ ಮ್ಯಾನೇಜರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಕಾಗದ ಹಾಳಾದದ್ದಕ್ಕೆ ಬೈಗುಳ ಖಂಡಿತ. ನಾನು ನೇರ ಕೆಳಗಿಳಿದು ಪೂವಪ್ಪನ ಬಳಿ ಹೋಗುತ್ತಿದ್ದೆ. ಅವನು ಯಾಕೆಂದು ಕೇಳುತ್ತಿರಲಿಲ್ಲ. ಬೈಗುಳವನ್ನೂ ತಾನೇ ತಿನ್ನುತ್ತಿದ್ದ.

"ಪೂವಪ್ಪ," ಎಂದೆ, "ಮೆಷಿನ್ ನಿಲ್ಲಿಸಿ."

ಅವನು ಒಳಗೆ ಹೋಗಿ ಹಾರೆ ತಂದ. ನಾಲ್ವರೂ ಸಂಜೆಯವರೆಗೆ ಕಿತ್ತೆವು. ಕೊನೆಯ ಸಾಲನ್ನು ಅವನೊಬ್ಬನೇ ತೆಗೆದ, ಯಾರನ್ನೂ ಹತ್ತಿರ ಬಿಡಲಿಲ್ಲ. ಕುಂಡದಲ್ಲಿ ದೇಯಿ ಕೆಸುವಿನ ಗಡ್ಡೆ ಹಾಕಿಕೊಟ್ಟಳು.

ಅಕ್ಟೋಬರ್ 15, ಮಂಗಳವಾರ

ಇವತ್ತು ಸಲೋಮಿಯ ಹುಟ್ಟಿದ ದಿನ. ಕಳೆದ ವರ್ಷದ ಹುಟ್ಟಿದ ದಿನದ ಮೇಲೆ ಅವಳ ಸಮಾಧಿಯ ಕಡೆ ಹೋಗಿಯೇ ಇರಲಿಲ್ಲ. ಕೇಪುಳದ ಕುಂಡದಿಂದ ಒಂದು ಗೊಂಚಲು ಕೊಯ್ದುಕೊಂಡು ಕಮರುದ್ದೀನನೊಡನೆ ಹೊರಟೆ.

ಸ್ಮಶಾನದ ಗೇಟಿನಿಂದಲೇ ಕಂಡಿತು. ನನ್ನ ಕುತ್ತಿಗೆಯಷ್ಟು ಎತ್ತರಕ್ಕೆ ಹಳದಿ. ಸಲೋಮಿಯ ಸಮಾಧಿಯನ್ನು ಪೂರಾ ಮುಚ್ಚಿ ಪಕ್ಕದ ಎರಡು ಸಮಾಧಿಗೂ ಹಬ್ಬಿತ್ತು. ಕೆಲವು ತುದಿಗಳು ಆಗಲೇ ಬೂದುಬಿಳಿ, ಇನ್ನೆರಡು ದಿನದಲ್ಲಿ ಹಾರುವಂತಿದ್ದವು.

"ಹನ್ನೊಂದನೆಯದ್ದು ಸಿಕ್ಕಿತು ಅಕ್ಕ," ಎಂದ ಕಮರುದ್ದೀನ್ ಮೆಲ್ಲನೆ.

ರೂಬನ್‌ಗೆ ಫೋನ್ ಮಾಡಿದೆ. ಕೊಟ್ಟಾರದ ಆಫೀಸಿನಿಂದ ಅರ್ಧ ಗಂಟೆಯಲ್ಲಿ ಬಂದ. ಟೈ ಕೂಡ ತೆಗೆದಿರಲಿಲ್ಲ. ನಾನು ಬೈಯಲು ತಯಾರಾಗಿದ್ದೆ. ಅವನು ಬೈಗುಳಕ್ಕೆ ಕಾಯದೆ ಹೇಳಿದ:

"ಗೀತಪುಸ್ತಕದಲ್ಲಿ ಎಸ್ತೆರ್ ಕದ್ದು ತಂದ ಹೂ ಅಂತ ಅಮ್ಮ ಹೇಳಿ ಹೇಳಿ ನಗ್ತಿದ್ದರು. ಅದಕ್ಕೇ ಏಲಂನಲ್ಲಿ ಬಿಡ್ಲಿಲ್ಲ, ತಂದು ಇಲ್ಲಿ ನೆಟ್ಟೆ. ನೀವು ಪಟ್ಟಿ ಕೇಳಿದ ಮೇಲೆ ನಾಲ್ಕು ಸಲ ಬಂದೆ ಆಂಟಿ ಕೀಳ್ಲಿಕ್ಕೆ. ಅಮ್ಮನ ಮೇಲಿಂದ ಕೀಳ್ಲಿಕ್ಕೆ ಕೈ ಬರುದಿಲ್ಲ."

ಈ ಹುಡುಗನ ಮೇಲೆ ಇಷ್ಟು ದಿನ ಹಲ್ಲು ಕಡಿದದ್ದಕ್ಕೆ ನಾಚಿಕೆಯಾಯಿತು. ಹಾಗಾದರೆ ಆಲ್ಟರಿನ ಹೂ ಯಾಕೆ ನನ್ನಿಂದ ಕಿತ್ತುಕೊಂಡೆ ಎಂದು ಕೇಳಿಯೇಬಿಟ್ಟೆ. ಅವನು ಟೈ ಬಿಚ್ಚಿ ಕಿಸೆಗೆ ಹಾಕಿದ. ಅಮ್ಮ ಬಚ್ಚಲಲ್ಲಿ ಬಿದ್ದಾಗ ಪಕ್ಕದ ಕೋಣೆಯಲ್ಲಿದ್ದನಂತೆ. ಅದಾದ ವಾರಕ್ಕೆ ಅವಳು ಹೋದಳು. ನಾನು ಬಿದ್ದ ಶನಿವಾರ ಅವನು ಆಲ್ಟರಿನ ಪಕ್ಕದ ವೆಸ್ಟ್ರಿ ಕೋಣೆಯಲ್ಲಿದ್ದ. ಅದೇ ಶಬ್ದ.

"ಮತ್ತೆ ನಿಮ್ಮನ್ನು ಆ ಮೆಟ್ಟಿಲು ಹತ್ತಿಸ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಹೇಳ್ಲಿಕ್ಕೂ ಬರ್ಲಿಲ್ಲ."

ಮೊದಲು ಬಿಳಿಯಾದ ತುದಿಗಳನ್ನು ಚೀಲದೊಳಗೆ ಕತ್ತರಿಸಿಕೊಂಡೆವು. ಆಮೇಲೆ ಅವನು ದಂಟು ಹಿಡಿಯುವುದು, ನಾನು ಬೇರು ಎಳೆಯುವುದು. ಸಲೋಮಿಯೂ ನಾನೂ ಹಾಗೆಯೇ ಕೆಲಸ ಮಾಡಿದ್ದು, ಅವಳು ಮೂಲಪ್ರತಿ ಗಟ್ಟಿಯಾಗಿ ಓದುವುದು, ನಾನು ತಿದ್ದುವುದು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳುತ್ತಿದ್ದಳು. ಮನೆಯಲ್ಲೂ ಅದೇ ಅಭ್ಯಾಸ ಎಂದು ರೂಬನ್ ಹೇಳಿದ: ರೂಬನ್ ಅಲ್ಪವಿರಾಮ ಊಟಕ್ಕೆ ಬಾ ಪೂರ್ಣವಿರಾಮ. ಇಬ್ಬರೂ ಸ್ಮಶಾನದಲ್ಲಿ ಕುಳಿತು ಬಿದ್ದು ಬಿದ್ದು ನಕ್ಕೆವು. ಅವನ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಕಮರುದ್ದೀನ್ ಚೀಲ ಕಟ್ಟುವ ನೆಪದಲ್ಲಿ ಗೇಟಿನ ಕಡೆ ಹೋದ.

ಎಲ್ಲ ಮುಗಿದಾಗ ನೆಲ ಬೋಳಾಗಿ ಕಂಡಿತು. ಬರಿದಾಯಿತಲ್ಲ ಎಂದ ರೂಬನ್. ಇರಲಿ, ನಿನ್ನ ಅಮ್ಮ ಅನಗತ್ಯ ಚಿಹ್ನೆ ಯಾವತ್ತೂ ಸಹಿಸಿದವಳಲ್ಲ ಎಂದೆ. ಕೇಪುಳದ ಗೊಂಚಲು ಇಟ್ಟು ಬಂದೆವು.

ನವೆಂಬರ್ 10, ಆದಿತ್ಯವಾರ

ಬೆಳೆಹಬ್ಬ ಮುಗಿಯಿತು. ಏಲಂಗೆ ಮುಂಚೆ ನನಗೆ ಎರಡು ನಿಮಿಷ ಬೇಕೆಂದು ಅಯ್ಯನವರನ್ನು ಕೇಳಿದ್ದೆ. ಮಾತಾಡಲು ಹೆದರಿಕೆ ಎಂದು ಬರೆದುಕೊಂಡು ಹೋಗಿ ಓದಿದೆ. ಅದನ್ನೇ ಇಲ್ಲಿ ಇಳಿಸುತ್ತೇನೆ.

"ತಪ್ಪು-ಒಪ್ಪು. ಕಳೆದ ವರ್ಷದ ಬೆಳೆಹಬ್ಬದಲ್ಲಿ 'ಜರ್ಮನ್ ಹೂ' ಎಂದಿರುವಲ್ಲಿ 'ಅಮೆರಿಕದ ಹೂ' ಎಂದು ಓದಿಕೊಳ್ಳಬೇಕು. 'ಎಲ್ಲಿ ನೆಟ್ಟರೂ ಬರುತ್ತದೆ' ಎಂದಿರುವಲ್ಲಿ 'ನೆಡದಿದ್ದಲ್ಲಿಯೂ ಬರುತ್ತದೆ' ಎಂದು ಓದಿಕೊಳ್ಳಬೇಕು. 'ಪಾಪದ ಗಿಡ' ಎಂಬುದನ್ನು ಹೊಡೆದುಹಾಕಬೇಕು. ಸೆಪ್ಟೆಂಬರ್ ಒಂದರಂದು ತೋರಿಸಿದ ಫೋಟೋದಲ್ಲಿರುವುದು ಹಬ್ಬವಲ್ಲ. ಮುಂದಿನ ಮಳೆಗಾಲದಲ್ಲಿ ಎಲ್ಲಾದರೂ ಉಳಿದ ಬೇರು ಚಿಗುರಿದರೆ ಕೂಡಲೇ ತಿಳಿಸಬೇಕು, ಗುದ್ದಲಿ ತಯಾರಿದೆ. ತಪ್ಪು ಮಾಡಿದವಳು ಮತ್ತು ತಿದ್ದಿದವಳು, ಎಸ್ತೆರ್."

ಇಡೀ ಸಭೆ ನಕ್ಕಿತು. ನನಗೂ ನಗು ಬಂತು. ಹಿಂದಿನ ಸಾಲಿನಲ್ಲಿ ಪೂವಪ್ಪ ಚಪ್ಪಾಳೆಯನ್ನೇ ತಟ್ಟಿದ.

ಆಮೇಲೆ ಏಲಂ. ನಾನು ಮತ್ತೆ ಹನ್ನೊಂದು ಕುಂಡ ಕೊಟ್ಟೆ. ಹತ್ತು ಮನೆಯಿಂದ ಬಂದ ಅರಿಶಿನ, ಕೇಪುಳ, ಬಸಳೆ, ಕೆಸು, ಇನ್ನೇನೇನೋ. ಹನ್ನೊಂದನೆಯದ್ದನ್ನು ರೂಬನ್ ನಿನ್ನೆ ತಂದುಕೊಟ್ಟಿದ್ದ. ಅವನಮ್ಮನ ಸಮಾಧಿಯ ಬೋಳು ನೆಲದಲ್ಲಿ ಒಂದೆಲಗ ತಾನಾಗಿ ಹುಟ್ಟಿತಂತೆ, ಅದರ ಒಂದು ಬಳ್ಳಿ. ಏಲಂನಲ್ಲಿ ಆ ಕುಂಡ ಬಂದಾಗ ರೂಬನ್ ಕೂಗದೆ ಅದನ್ನು ನನ್ನ ಕೈಗೆ ಕೊಟ್ಟ. ನಾನೇ ಕೂಗಿ ನಾನೇ ತೆಗೆದುಕೊಂಡೆ. ಯಾರೂ ನನಗೆದುರು ಕೂಗಲಿಲ್ಲ.

ಜರ್ಮನಿಗೆ ಫೋಟೋ ಕಳಿಸಿದೆ, ಹನ್ನೊಂದು ಕುಂಡ ಮತ್ತು ನನ್ನ ಗುದ್ದಲಿ. ಅವಳು ತನ್ನ ಗಂಬೂಟಿನ ಫೋಟೋ ಕಳಿಸಿದಳು.

ಬರೆಯಲು ಮರೆತದ್ದು. ಡೆಕೊರೇಟರನಿಗೆ ಯಾವುದೋ ಮದುವೆಯಂತೆ, ನಿನ್ನೆ ಬರಲಿಲ್ಲ. ಶನಿವಾರ ಸಂಜೆ ಕುಂಡ ಇಳಿಸಲು ಹೋದವಳು ಆಲ್ಟರ್ ಖಾಲಿ ಕಂಡು, ಕಪಾಟಿನಿಂದ ಹಿತ್ತಾಳೆಯ ಹೂದಾನಿ ತೆಗೆದು ಕಂಠದವರೆಗೆ ನೀರು ತುಂಬಿ, ಕೇಪುಳ, ಅರಿಶಿನದ ಎಲೆ ಇಟ್ಟು ಮೇಲೆ ಒಯ್ದು ಇಟ್ಟೆ. ಮೂರೇ ಮೆಟ್ಟಿಲು. ರೂಬನ್ ಅಷ್ಟು ಹೊತ್ತೂ ಎರಡೂ ಕೈ ಚಾಚಿಕೊಂಡು ಉಸಿರು ಬಿಡದೆ ನನ್ನ ಹಿಂದೆಯೇ ಯಾಕೆ ಬಂದನೋ ತಿಳಿಯಲಿಲ್ಲ. ಹಾಗೆ ಅಡ್ಡ ಬಂದರೆ ತಿರುಗುವುದು ಹೇಗೆ? ಒಂದಿಷ್ಟು ನೀರು ಅವನ ಹೊಸ ಶೂ ಮೇಲೆ ಚೆಲ್ಲಿತು.